ಹಿರ್ಟಾ ಒಂದು ಊರು

(ಸ್ಕಾಟ್ಲೆಂಡಿನ ಪಶ್ಚಿಮ ಅಂಚಿನ ಹ್ಯಾರಿಸ್ ದ್ವೀಪದಿಂದ ಬೆಳಿಗ್ಗೆ ಹೊರಟ ದೋಣಿ. ಸೇಂಟ್ ಕಿಲ್ಡಾ ದ್ವೀಪಗಳಿಗೆ ಒಂದು ದಿನದ ಪ್ರವಾಸ. ಮಾತಾಡುತ್ತಿರುವವರು ಆ ದೇಶದಲ್ಲಿ ಬಹುಕಾಲ ವೈದ್ಯೆಯಾಗಿದ್ದು ನಿವೃತ್ತರಾದ ಕನ್ನಡತಿ, ಮತ್ತು ಅಲ್ಲಿ ಓದಲು ಬಂದಿರುವ ಅವರ ಅಕ್ಕನ ಮಗ.)

ಹುಡುಗ: ಚಿಕ್ಕಮ್ಮ, ಹೊರಟು ಎರಡು ಗಂಟೆ ಮೇಲಾಯ್ತು. ಸುತ್ತ ನೀರು ಬಿಟ್ಟರೆ ಏನೂ ಕಾಣ್ತಿಲ್ಲ. ಇಷ್ಟು ದೂರ ಬಂದು ಜನ ಯಾಕೆ ನೆಲೆಸಿದ್ರು?

ಚಿಕ್ಕಮ್ಮ: ತಲೆ ಮೇಲೆ ನೋಡು. ಬಿಳಿ ಮೈ, ರೆಕ್ಕೆಯ ತುದಿ ಮಾತ್ರ ಕಪ್ಪು. ಅದು ಗ್ಯಾನೆಟ್. ಇವು ಸಾಲುಗಟ್ಟಿ ಹೋಗ್ತಿರೋ ಕಡೆಗೇ ನಾವೂ ಹೋಗ್ತಿರೋದು. ಬೋರೆರೇ ಅನ್ನೋ ದ್ವೀಪ, ಅದರ ಪಕ್ಕದ ಎರಡು ಕಡಲಬಂಡೆ, ಅಷ್ಟರಲ್ಲೇ ಸುಮಾರು 60,000 ಜೋಡಿ ಗೂಡು ಕಟ್ತವೆ. ಪಫಿನ್, ಫುಲ್ಮರ್ ಹಕ್ಕಿಗಳೂ ಸೇರಿದರೆ ಲಕ್ಷಗಳ ಲೆಕ್ಕ. ಇಲ್ಲಿಯ ಹೊಲದಲ್ಲಿ ಒಂದಿಷ್ಟು ಬಾರ್ಲಿ, ಓಟ್ಸ್ ಬಿಟ್ಟರೆ ಹೆಚ್ಚೇನೂ ಬೆಳೀತಿರಲಿಲ್ಲ. ಊಟ, ದೀಪದ ಎಣ್ಣೆ, ಹಾಸಿಗೆ, ಒಡೆಯನಿಗೆ ಕೊಡೋ ಗೇಣಿ, ಹೆಚ್ಚಿನದೆಲ್ಲ ಹಕ್ಕಿಯಿಂದಲೇ. ಹೀಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಬದುಕಿದ ಗುರುತು ಇದೆ. ಔಟರ್ ಹೆಬ್ರಿಡೀಸ್‌ನ ಕೊನೆಯ ದಡದಿಂದ ಸುಮಾರು 64 ಕಿ.ಮೀ. ಅಷ್ಟೇ, ನಮಗೆ ದೂರ ಅನ್ನಿಸುತ್ತೆ, ಅವರಿಗೆ ಅದೇ ಮನೆ.

ಹುಡುಗ: ಪ್ರವಾಸದ ಪುಸ್ತಿಕೆಯಲ್ಲಿ ‘ಮನುಷ್ಯರ ಕೈ ಸೋಕದ ಪ್ರಕೃತಿ’ ಅಂತ ಹಾಕಿದ್ದಾರೆ.

ಚಿಕ್ಕಮ್ಮ: ಆ ಮಾತು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಇಳಿದ ಮೇಲೆ ನೀನೇ ನೋಡ್ತೀಯ. ಅಲ್ಲಿ ಕೈ ಸೋಕದ ಜಾಗ ಅನ್ನೋದು ಕಡಿದಾದ ಬಂಡೆಯ ಮುಖದಲ್ಲೂ ಇಲ್ಲ. ಬಂಡೆಗೆ ಹಗ್ಗ ಕಟ್ಟಿ, ಬರಿಗಾಲಲ್ಲಿ ಇಳಿದು, ಯಾವ ಬಿರುಕಿನಲ್ಲಿ ಯಾವ ಹಕ್ಕಿ ಮೊಟ್ಟೆ ಇಡುತ್ತೆ ಅಂತ ಬಲ್ಲವರು ಇದ್ದ ಜಾಗ ಇದು.

(ದೋಣಿ ಸೇಂಟ್ ಕಿಲ್ಡಾದ ಮುಖ್ಯ ದ್ವೀಪವಾದ ಹಿರ್ಟಾದ ಕೊಲ್ಲಿಗೆ ಬಂದು ನಿಲ್ಲುತ್ತದೆ. ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕಲ್ಲುಕಟ್ಟೆಗೆ ಇಳಿಸುತ್ತಾರೆ. ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನ ರೇಂಜರ್ ಬಂದವರಿಗೆಲ್ಲ ನಿಯಮಗಳನ್ನು ಹೇಳಿ ಮುಗಿಸಿದ್ದಾಳೆ.)

ಹುಡುಗ: ಅವಳು ಇಲಿ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಯಾಕೆ? ಚೀಲ ತೆಗೆದು ನೋಡಿಕೊಳ್ಳಿ ಅಂದಳು.

ಚಿಕ್ಕಮ್ಮ: ಇಲ್ಲಿ ಹೆಗ್ಗಣ ಇಲ್ಲ. ಪಫಿನ್ ಮಣ್ಣಿನಲ್ಲಿ ಬಿಲ ತೋಡಿ ಒಂದೇ ಒಂದು ಮೊಟ್ಟೆ ಇಡುತ್ತೆ. ಬಿರುಗಾಳಿ ಹಕ್ಕಿ ಅಂತಾರಲ್ಲ, ಪೆಟ್ರೆಲ್, ಅದೂ ಹಾಗೇ. ಒಂದು ಬಸುರಿ ಹೆಗ್ಗಣ ಯಾವುದೋ ದೋಣಿಯಿಂದ ಇಳಿದರೆ ಸಾಕು, ಕೆಲವು ವರ್ಷದಲ್ಲಿ ಬಿಲಗಳೆಲ್ಲ ಖಾಲಿ. ಬೇರೆ ದ್ವೀಪಗಳಲ್ಲಿ ಹಾಗೆ ಆಗಿದೆ. ಅವಳ ಮಾತನ್ನ ಎಲ್ಲರೂ ಗಂಭೀರವಾಗಿ ತಗೋಬೇಕು.

ಹುಡುಗ: ಈ ರೇಡಾರು, ಕಟ್ಟಡ?

ಚಿಕ್ಕಮ್ಮ: ಸೇನೆಯದು. 1957ರಿಂದ ಕ್ಷಿಪಣಿ ಪರೀಕ್ಷೆಯ ಮೇಲೆ ಕಣ್ಣಿಡೋ ನೆಲೆ. ಅದನ್ನ ದಾಟಿ ಬಾ, ಬೀದಿಗೆ ಹೋಗೋಣ.

ಹುಡುಗ: ಮೊದಲು ಬೆಟ್ಟ ಹತ್ತಿಬಿಡೋಣ ಅಂತಿದ್ದೆ. ನಾಲ್ಕು ಗಂಟೆ ಸಮಯ ಅಷ್ಟೇ ಇರೋದು.

ಚಿಕ್ಕಮ್ಮ: ಅದಕ್ಕೇ ಹೇಳ್ತಿರೋದು, ಮೊದಲು ಬೀದಿ. ನೋಡು, ಕೊಲ್ಲಿಯ ಆಕಾರಕ್ಕೆ ಬಾಗಿದ ಒಂದೇ ಸಾಲು. ಈ 16 ಮನೆ 1860ರ ಬಿರುಗಾಳಿ ಆದಮೇಲೆ ಕಟ್ಟಿದ್ದು. ಎರಡು ಕೋಣೆ, ಗಾಜಿನ ಕಿಟಕಿ, ಹೊಗೆಗೂಡು, ಸತುವಿನ ತಗಡಿನ ಸೂರು. ನಡುವೆ ಗಿಡ್ಡಗೆ ಕಾಣೋದು ಹಳೇ ಮನೆಗಳು. ದಪ್ಪ ಗೋಡೆ, ಹುಲ್ಲಿನ ಸೂರು, ಒಂದು ಕಡೆ ಜನ, ಇನ್ನೊಂದು ಕಡೆ ದನ. ಹೊಸ ಮನೆ ಕಟ್ಟಿಸಿದವರು ಒಳ್ಳೇದಾಗಲಿ ಅಂತಲೇ ಕಟ್ಟಿಸಿದ್ರು. ಆದರೆ ಈ ಗಾಳಿಗೆ ತಗಡು ನಿಲ್ಲಲಿಲ್ಲ. ಒಳಗೆ ತೇವ, ಚಳಿ. ಹಳೇ ಮನೆಯಷ್ಟು ಬೆಚ್ಚಗೆ ಇವು ಯಾವತ್ತೂ ಇರಲಿಲ್ಲ.

ಹುಡುಗ: ಬೆಟ್ಟದ ತುಂಬ ಹರಡಿರೋ ಈ ಕಲ್ಲಿನ ಗುಡಿಸಲು? ಅಲ್ಲೂ ಜನ ಇದ್ರಾ?

ಚಿಕ್ಕಮ್ಮ: ಅವು ಕ್ಲೀಟ್. ನಮ್ಮ ಕಡೆ ಕಣಜ ಇದ್ದ ಹಾಗೆ. ಹಿರ್ಟಾ ಒಂದರಲ್ಲೇ 1,200ಕ್ಕೂ ಹೆಚ್ಚು ಇವೆ. ಗಾರೆ ಇಲ್ಲ, ಬರಿಗಲ್ಲು ಪೇರಿಸಿ ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಹುಲ್ಲುಹೆಂಟೆ ಹೊದಿಸಿದ್ದಾರೆ. ಕೈ ಚಾಚು ಒಳಗೆ, ಗೋಡೆಯ ಸಂದಿಯಿಂದ ಗಾಳಿ ಹಾಯೋದು ಗೊತ್ತಾಗುತ್ತೆ. ಮಳೆ ಒಳಗೆ ಬರಲ್ಲ, ಗಾಳಿ ಬರುತ್ತೆ. ಮರವೇ ಇಲ್ಲದ ದ್ವೀಪ ಇದು, ಸೌದೆ ಉರಿಸಿ ಮಾಂಸ ಒಣಗಿಸೋ ಹಾಗಿಲ್ಲ. ಗಾಳಿಯಲ್ಲೇ ಹಕ್ಕಿ ಒಣಗಬೇಕು, ಮೊಟ್ಟೆ ಕೆಡದೆ ಉಳೀಬೇಕು, ಉರುವಲಿನ ಹುಲ್ಲುಹೆಂಟೆ ಒಣಗಬೇಕು, ಗರಿ ನೆನೆಯದೆ ಇರಬೇಕು. ಆಗಸ್ಟ್ ತಿಂಗಳಲ್ಲಿ ಫುಲ್ಮರ್ ಮರಿ, ಅದಾದ ಮೇಲೆ ಗ್ಯಾನೆಟ್ ಮರಿ ಹಿಡಿದು ತಂದರೆ ಚಳಿಗಾಲ ಪೂರ್ತಿ ಊರು ಉಣ್ಣಬೇಕಿತ್ತು. ಇಷ್ಟು ದೊಡ್ಡ ಬೇಟೆಯನ್ನ ಉಪ್ಪು ಸಾಕಷ್ಟು ಸಿಗದ ಜಾಗದಲ್ಲಿ ಕಾಪಾಡಿದ ಜಾಣ್ಮೆ ಈ ಕಲ್ಲುಗಳಲ್ಲಿದೆ. ಪ್ರವಾಸಿಗರು ಇದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗ್ತಾರೆ. ನಾನು ಇಲ್ಲಿ ಮಾರ್ಗದರ್ಶಿ ಆಗಿದ್ದರೆ ಒಬ್ಬೊಬ್ಬರನ್ನೂ ಒಳಗೆ ಕೈ ಚಾಚಿಸದೆ ಮುಂದಕ್ಕೆ ಬಿಡ್ತಿರಲಿಲ್ಲ.

ಹುಡುಗ: ಹಿಡಿದ ಹಕ್ಕಿ ಹಿಡಿದವನಿಗೇ ಸೇರ್ತಿತ್ತಾ?

ಚಿಕ್ಕಮ್ಮ: ಇಲ್ಲ, ಅದೇ ನೋಡು ಮುಖ್ಯವಾದ ಮಾತು. ಬೇಟೆಯನ್ನ ಮನೆಮನೆಗೆ ಪಾಲು ಹಾಕ್ತಿದ್ರು. ಬಂಡೆಗೆ ಇಳಿಯೋ ಶಕ್ತಿ ಇಲ್ಲದ ಮುದುಕರಿಗೆ, ವಿಧವೆಯರಿಗೆ ಪಾಲು ತಪ್ತಿರಲಿಲ್ಲ. ದಿನಾ ಬೆಳಿಗ್ಗೆ ಗಂಡಸರು ಇದೇ ಬೀದಿಯಲ್ಲಿ ಸೇರಿ, ಇವತ್ತು ಬಂಡೆಗೆ ಇಳಿಯೋದೋ, ದೋಣಿ ನೀರಿಗೆ ಹಾಕೋದೋ, ಹೊಲದ ಕೆಲಸವೋ ಅಂತ ತೀರ್ಮಾನ ಮಾಡ್ತಿದ್ರು. ಹೊರಗಿನವರು ಅದನ್ನ ‘ಪಾರ್ಲಿಮೆಂಟು’ ಅಂತ ಕರೆದ್ರು. ಹಾಗೆ ಸೇರಿದ ಗಂಡಸರ 1886ರ ಫೋಟೋ ಒಂದು ತುಂಬ ಪ್ರಸಿದ್ಧ. ಆ ಫೋಟೋದಲ್ಲಿ ಹೆಂಗಸರಿಲ್ಲ. ಹಕ್ಕಿಯ ಗರಿ ತರಿಯೋದು, ಹೊರೆ ಹೊತ್ತು ತರೋದು, ಹಾಲು ಕರೆಯೋದು, ನೂಲೋದು ಅವರ ಕೆಲಸ. ಅವರ ಮಾತು ಯಾರೂ ಬರೆದಿಡಲಿಲ್ಲ ಅನ್ನೋದು ನನಗೆ ನೋವು.

ಹುಡುಗ: ಈ ದುಂಡನೆಯ ಗೋಡೆ ಯಾವುದು?

ಚಿಕ್ಕಮ್ಮ: ಸ್ಮಶಾನ. ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಎಷ್ಟು ಹೆರಿಗೆ ಮಾಡಿಸಿದ್ದೀನಿ, ಆದರೂ ಈ ಜಾಗದ ವಿಷಯ ಓದಿದಾಗ ನಿದ್ದೆ ಬರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಮೂರನೇ ಎರಡರಷ್ಟು ಮಕ್ಕಳು ಹುಟ್ಟಿದ ಕೆಲವೇ ದಿನಕ್ಕೆ ಸತ್ತಿವೆ. ನಾಲ್ಕೈದನೇ ದಿನ ಮಗು ಮೊಲೆ ಚೀಪೋದು ಬಿಡುತ್ತೆ, ದವಡೆ ಕಚ್ಚಿಕೊಳ್ಳುತ್ತೆ, ಎಂಟನೇ ದಿನಕ್ಕೆ ಮುಗಿದು ಹೋಗುತ್ತೆ. ಎಂಟು ದಿನದ ಕಾಯಿಲೆ ಅಂತಲೇ ಕರೀತಿದ್ರು.

ಹುಡುಗ: ಧನುರ್ವಾಯು?

ಚಿಕ್ಕಮ್ಮ: ಹೌದು, ನವಜಾತ ಶಿಶುವಿನ ಧನುರ್ವಾಯು. ಮಣ್ಣು, ಸಗಣಿಯಲ್ಲಿರೋ ರೋಗಾಣು ಕತ್ತರಿಸಿದ ಹೊಕ್ಕುಳ ಬಳ್ಳಿಯ ಮೂಲಕ ಒಳಗೆ ಹೋಗುತ್ತೆ. ಹೊಕ್ಕುಳಿಗೆ ಫುಲ್ಮರ್ ಎಣ್ಣೆ ಸವರ್ತಿದ್ರು, ಅದರಿಂದಲೇ ಬಂತು ಅಂತ ಒಂದು ಊಹೆ ಇದೆ. ಅದನ್ನ ನಾನು ಖಚಿತ ಅಂತ ಹೇಳಲ್ಲ. ಕತ್ತರಿಸೋ ಚಾಕು, ಕಟ್ಟೋ ಬಟ್ಟೆ, ಕೈ, ಯಾವುದರಿಂದಲೂ ಬರಬಹುದು. ಆದರೆ ನಿಂತದ್ದು ಹೇಗೆ ಅಂತ ಗೊತ್ತು. ಆಂಗಸ್ ಫಿಡೆಸ್ ಅನ್ನೋ ಪಾದ್ರಿ ಗ್ಲಾಸ್ಗೋಗೆ ಹೋಗಿ ಕ್ರಿಮಿನಾಶಕ ಬಳಸಿ ಹೆರಿಗೆ ಮಾಡಿಸೋ ಕ್ರಮ ಕಲಿತು ಬಂದ. 1890ರ ದಶಕದ ಆರಂಭದಲ್ಲಿ ಆ ಸಾವು ನಿಂತೇ ಹೋಯ್ತು. ಶುದ್ಧ ಕೈ, ಶುದ್ಧ ಚಾಕು, ಕ್ರಿಮಿನಾಶಕ, ಅಷ್ಟು ಸಾಕಾಯ್ತು. ನಮ್ಮ ದೇಶದಲ್ಲೂ ಈ ಕಾಯಿಲೆ ಎಷ್ಟೋ ಮಕ್ಕಳನ್ನ ತಿಂದಿದೆ. ತಾಯಂದಿರಿಗೆ ಲಸಿಕೆ, ಆಸ್ಪತ್ರೆ ಹೆರಿಗೆ ಎಲ್ಲ ಆಗಿ, 2015ರಲ್ಲಿ ಭಾರತ ಇದನ್ನ ನಿವಾರಿಸಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಳ್ತು. ಹಿರ್ಟಾದ ಜನ ಪ್ರಕೃತಿಗೆ ಸೋತು ಹೋದ್ರು ಅಂತ ಯಾರಾದರೂ ಹೇಳಿದರೆ ಈ ಗೋಡೆಯ ಮುಂದೆ ಕರೆತಂದು ನಿಲ್ಲಿಸಬೇಕು ಅನ್ಸುತ್ತೆ. ಸ್ಕಾಟ್ಲೆಂಡಿನ ಆಸ್ಪತ್ರೆಗಳಲ್ಲಿ ಗೊತ್ತಿದ್ದ ಒಂದು ಅಭ್ಯಾಸ ಈ ನೀರು ದಾಟೋಕೆ ಅಷ್ಟು ತಡವಾಯ್ತು.

ಹುಡುಗ: ಯಾರೂ ಬರ್ತಲೇ ಇರಲಿಲ್ವಾ ಹಾಗಾದ್ರೆ?

ಚಿಕ್ಕಮ್ಮ: ಬರ್ತಿದ್ರು. ಒಡೆಯ ಮ್ಯಾಕ್ಲಿಯಡ್‌ನ ಪಾರುಪತ್ಯಗಾರ ವರ್ಷಕ್ಕೊಮ್ಮೆ ಗರಿ, ಎಣ್ಣೆ, ಬಟ್ಟೆ ವಸೂಲಿಗೆ ಬರ್ತಿದ್ದ. 1697ರಲ್ಲಿ ಮಾರ್ಟಿನ್ ಮಾರ್ಟಿನ್ ಬಂದು ನೋಡಿ ಪುಸ್ತಕ ಬರೆದ. ಆಗ ಇಲ್ಲಿ ಸುಮಾರು 180 ಜನ. 1830ರ ದಶಕದಿಂದ ಹಬೆಹಡಗಿನಲ್ಲಿ ಪ್ರವಾಸಿಗರು ಬರತೊಡಗಿದ್ರು. 1877ರಿಂದ ಪ್ರತಿ ಬೇಸಿಗೆ ಹಡಗು. ಅವರು ಬಂದು ಕಾಸು ಕೊಟ್ಟು, ಸಾಕ್ಸು, ಮೊಟ್ಟೆ, ಟ್ವೀಡ್ ಬಟ್ಟೆ ಕೊಂಡು, ಜನರನ್ನ ನೋಡಿ ಹೋಗ್ತಿದ್ರು. ಚಳಿಗಾಲಕ್ಕೆ ಮಾತ್ರ ಯಾರೂ ಇಲ್ಲ. ಆಗ ಏನಾದರೂ ಬೇಕಾದರೆ ಮರದ ತುಂಡು ಕೊರೆದು ಅದರೊಳಗೆ ಕಾಗದ ಇಟ್ಟು, ಕುರಿಯ ಮೂತ್ರಕೋಶ ಊದಿ ಕಟ್ಟಿ ಸಮುದ್ರಕ್ಕೆ ಬಿಡ್ತಿದ್ರು. ವಾಯವ್ಯದ ಗಾಳಿ ಇದ್ದರೆ ಅದು ಸ್ಕಾಟ್ಲೆಂಡಿನ ದಡ ಸೇರಬಹುದು, ಯಾರಾದರೂ ಎತ್ತಿಕೊಂಡು ಅಂಚೆಗೆ ಹಾಕಬಹುದು. 1877ರಲ್ಲಿ ಇಲ್ಲೇ ಸಿಕ್ಕಿಹಾಕಿಕೊಂಡಿದ್ದ ಜಾನ್ ಸ್ಯಾಂಡ್ಸ್ ಅನ್ನೋ ಪತ್ರಕರ್ತ ಇಂಥ ಕಾಗದ ಕಳಿಸಿ ನೆರವು ತರಿಸಿದ. ನೀನು, ನಾನು ಇವತ್ತು ಬಂದಿದ್ದೀವಲ್ಲ, ಆ ಬೇಸಿಗೆ ಪ್ರವಾಸಿಗರ ಸಾಲಿನವರೇ ನಾವು. ಅದು ನೆನಪಿರಬೇಕು.

(ಬೆಟ್ಟ ಹತ್ತುತ್ತಿದ್ದಾರೆ. ದೊಡ್ಡ ಸ್ಕೂವಾ ಹಕ್ಕಿಯೊಂದು ತಲೆಯ ಹತ್ತಿರ ಬೀಸಿ ಹೋಗುತ್ತದೆ. ಕಂದು ಬಣ್ಣದ ಚಿಕ್ಕ ಕುರಿಗಳು ಅಲ್ಲಲ್ಲಿ.)

ಹುಡುಗ: ಈ ಕುರಿಗಳಾದರೂ ಕಾಡಿನವೇ ತಾನೇ? ಜನ ಹೋದಮೇಲೆ ಪ್ರಕೃತಿ ತನ್ನ ಪಾಡಿಗೆ ತಾನು ಚೆನ್ನಾಗಿದೆ ಅನ್ಸುತ್ತೆ.

ಚಿಕ್ಕಮ್ಮ: ಇವು ಸೋಯೆ ಕುರಿ. ಪಕ್ಕದ ಸೋಯೆ ದ್ವೀಪದಲ್ಲಿ ಬಹಳ ಹಿಂದಿನಿಂದ ಇದ್ದ ಹಳೇ ತಳಿ. ಅವನ್ನ ಅಲ್ಲಿಗೆ ತಂದವರೂ ಮನುಷ್ಯರೇ, 1932ರಲ್ಲಿ 107 ಕುರಿಗಳನ್ನ ಇಲ್ಲಿಗೆ ದಾಟಿಸಿದವರೂ ಮನುಷ್ಯರೇ. ಈಗ ಯಾರೂ ಸಾಕಲ್ಲ, ಯಾರೂ ಕೊಲ್ಲಲ್ಲ. ಕೆಲವು ಚಳಿಗಾಲ ಅರ್ಧಕ್ಕಿಂತ ಹೆಚ್ಚು ಕುರಿ ಹಸಿವಿನಿಂದ ಸಾಯ್ತವೆ, ಮತ್ತೆ ಏರ್ತವೆ. 1985ರಿಂದ ವಿಜ್ಞಾನಿಗಳು ಕುರಿಗಳ ಕಿವಿಗೆ ಗುರುತು ಹಾಕಿ ಹುಟ್ಟು, ತೂಕ, ಸಾವು ಬರೆದಿಡ್ತಿದ್ದಾರೆ. ಕುರಿಗಳ ಮೈ ವರ್ಷದಿಂದ ವರ್ಷಕ್ಕೆ ಚಿಕ್ಕದಾಗ್ತಿದೆ ಅಂತ 2009ರಲ್ಲಿ ಅವರು ಪ್ರಕಟಿಸಿದ್ರು. ಚಳಿ ಕಡಿಮೆಯಾದ ಕಾರಣ, ಮುಂಚೆ ಸಾಯ್ತಿದ್ದ ಸಣ್ಣ ಮರಿಗಳೂ ಈಗ ಬದುಕಿಕೊಳ್ತವೆ. ನೂರಾರು ಮೈಲಿ ಆಚೆ ನಾವು ಸುಡೋ ಎಣ್ಣೆಯ ಲೆಕ್ಕ ಈ ಕುರಿಯ ಕಾಲಿನ ಉದ್ದದಲ್ಲಿ ಸಿಗುತ್ತೆ.

ಹುಡುಗ: ಹಕ್ಕಿಗಳು?

ಚಿಕ್ಕಮ್ಮ: ನಮ್ಮ ಮೇಲೆ ಎರಗಿತಲ್ಲ, ಆ ಸ್ಕೂವಾ. 2021, 2022ರ ಹಕ್ಕಿಜ್ವರದಲ್ಲಿ ಅವುಗಳ ಸಂಖ್ಯೆ ತೀರಾ ಕುಸಿಯಿತು. ಪೆಟ್ರೆಲ್ ಹಕ್ಕಿಯೂ ಕಡಿಮೆ ಆಗ್ತಿದೆ. ಸಾವಿರಾರು ವರ್ಷ ಜನ ಮೊಟ್ಟೆ ತಿಂದು, ಮರಿ ಹಿಡಿದು ಬದುಕಿದಾಗಲೂ ಈ ಗೂಡುಗಳು ತುಂಬಿದ್ದವು. ಫುಲ್ಮರ್ ಅಂತೂ 1878ರವರೆಗೆ ಇಡೀ ಬ್ರಿಟನ್ನಿನಲ್ಲಿ ಇಲ್ಲಿ ಬಿಟ್ಟರೆ ಇನ್ನೆಲ್ಲೂ ಮರಿ ಮಾಡ್ತಿರಲಿಲ್ಲ. ಜನ ಹೋದದ್ದರಿಂದ ಇನ್ನೊಂದು ಜೀವ ಅಳಿದೇ ಹೋಯ್ತು ಗೊತ್ತಾ? ಈ ದ್ವೀಪಕ್ಕೇ ವಿಶೇಷವಾದ ಒಂದು ಮನೆಯಿಲಿ ಇತ್ತು. ಒಲೆಯ ಬಿಸಿ, ಚೆಲ್ಲಿದ ಕಾಳು ನಂಬಿದ್ದ ಜೀವ. ಮನೆಗಳು ಖಾಲಿಯಾದ ಒಂದೆರಡು ವರ್ಷದಲ್ಲಿ ಅದರ ಕುಲವೇ ಮುಗೀತು. ಹೊಲದಿಲಿ ಉಳಿದಿದೆ, ದೊಡ್ಡ ಭೂಭಾಗದ ಹೊಲದಿಲಿಗಿಂತ ಎರಡರಷ್ಟು ತೂಕ. ಮತ್ತೆ ಕೇಳು, ಗೋಡೆಯ ಸಂದಿಯಿಂದ ಇಷ್ಟು ಜೋರಾಗಿ ಕೂಗ್ತಿದೆಯಲ್ಲ, ಅದು ಸೇಂಟ್ ಕಿಲ್ಡಾದ ರೆನ್ ಹಕ್ಕಿ. ಸಂಗ್ರಹಕಾರರು ಹಣ ಕೊಟ್ಟು ಅದರ ಮೊಟ್ಟೆ ಕೊಳ್ತಿದ್ರು ಅಂತ 1904ರಲ್ಲಿ ಬ್ರಿಟಿಷ್ ಸಂಸತ್ತು ಅದನ್ನ ಕಾಪಾಡೋಕೆ ಒಂದು ಕಾನೂನು ಮಾಡ್ತು. ಅದು ಈಗ ಗೂಡು ಕಟ್ಟಿರೋದು ಜನ ಕಟ್ಟಿದ ಕ್ಲೀಟ್ ಗೋಡೆಯಲ್ಲಿ.

(ಕೊನಾಖರ್ ಬೆಟ್ಟದ ಅಂಚು. ಕೆಳಗೆ ಸಮುದ್ರ.)

ಹುಡುಗ: ಅಬ್ಬಾ. ಇನ್ನು ಮುಂದಕ್ಕೆ ಕಾಲಿಡಲ್ಲ.

ಚಿಕ್ಕಮ್ಮ: ಬೇಡ, ಕೂತುಕೋ. 430 ಮೀಟರ್ ಎತ್ತರ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಕಡಲ ಬಂಡೆ ಇಲ್ಲ. ಐದು ಕೋಟಿ ವರ್ಷಕ್ಕೂ ಹಿಂದಿನ ಜ್ವಾಲಾಮುಖಿಯ ಉಳಿಕೆ. ಇದರ ಅಂಚಿನಿಂದ ಹಗ್ಗ ಹಿಡಿದು ಇಳೀತಿದ್ರು. ಹಗ್ಗ ಅನ್ನೋದು ಆಸ್ತಿ, ಅಪ್ಪನಿಂದ ಮಗನಿಗೆ ಬರೋದು. ಫುಲ್ಮರ್ ಹತ್ತಿರ ಹೋದರೆ ಹೊಟ್ಟೆಯ ಎಣ್ಣೆ ಉಗುಳುತ್ತೆ, ಉಗುಳೋ ಮೊದಲೇ ಹಿಡೀಬೇಕು, ಆ ಎಣ್ಣೆ ದೀಪಕ್ಕೂ ಬೇಕು, ಗೇಣಿಗೂ ಬೇಕು.

ಹುಡುಗ: ಒಂದು ಕೇಳ್ತೀನಿ, ಬೇಜಾರು ಮಾಡಿಕೋಬೇಡಿ. ಇಷ್ಟೆಲ್ಲ ಹೊಗಳ್ತೀರಿ. ಆದರೆ ಹೋಗ್ತೀವಿ ಅಂದವರು ಅವರೇ ಅಲ್ವಾ? ಯಾರೂ ಓಡಿಸಲಿಲ್ಲ.

ಚಿಕ್ಕಮ್ಮ: ಬೇಜಾರು ಯಾಕೆ, ಸರಿಯಾದ ಪ್ರಶ್ನೆ. 1930ರ ಮೇ 10ರಂದು ಅವರೇ ಸ್ಕಾಟ್ಲೆಂಡ್ ವ್ಯವಹಾರದ ಮಂತ್ರಿಗೆ ಅರ್ಜಿ ಬರೆದ್ರು, ನಮ್ಮನ್ನ ಇಲ್ಲಿಂದ ಕರೆದುಕೊಂಡು ಹೋಗಿ, ಮನೆ, ಕೆಲಸ ಕೊಡಿ ಅಂತ. ನಿರ್ಧಾರ ಅವರದು. ಅದನ್ನ ನಾನು ಕಡೆಗಣಿಸಲ್ಲ. ಆದರೆ ಅಲ್ಲಿಗೆ ಬಂದದ್ದು ಹೇಗೆ ನೋಡು. 1852ರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹೊರಟರು, ಅರ್ಧದಷ್ಟು ಜನ ದಾರಿಯಲ್ಲೇ ಸತ್ತರು. ಆಮೇಲೆ ಆ ಮಕ್ಕಳ ಸಾವು. 1912ರಲ್ಲಿ ಆಹಾರದ ಕೊರತೆ, ಮಾರನೇ ವರ್ಷ ಫ್ಲೂ. ಮೊದಲ ಮಹಾಯುದ್ಧ ಬಂದಾಗ ನೌಕಾಪಡೆ ಇಲ್ಲಿ ನಿಸ್ತಂತು ಕೇಂದ್ರ ನಡೆಸಿತು. ಅಷ್ಟು ದಿನ ಹಡಗು ತಪ್ಪದೆ ಬಂತು, ಕಾಗದ ಬಂತು, ಔಷಧ ಬಂತು, ಸಂಬಳ ಬಂತು. 1918ರ ಮೇ 15ರಂದು ಜರ್ಮನ್ ಸಬ್‌ಮರೀನೊಂದು ಗುಂಡುಗಳನ್ನ ಹಾರಿಸಿ ಆ ಕೇಂದ್ರ ಕೆಡವಿತು. ಯುದ್ಧ ಮುಗೀತು, ನೌಕಾಪಡೆ ಹೋಯ್ತು, ತಪ್ಪದೆ ಬರ್ತಿದ್ದ ಹಡಗೂ ನಿಂತು ಹೋಯ್ತು. ಅದನ್ನ ಕಂಡ ಯುವಕರು ಒಬ್ಬೊಬ್ಬರೇ ಹೊರಟರು. ದೋಣಿ ನೀರಿಗಿಳಿಸೋಕೆ, ಬಂಡೆಗೆ ಇಳಿಯೋಕೆ ಒಂದಿಷ್ಟು ಗಟ್ಟಿ ಕೈ ಬೇಕೇ ಬೇಕು. ಅಷ್ಟು ಕೈ ಇಲ್ಲವಾದ ದಿನ ಊರು ನಡೆಯಲ್ಲ. ಮೇರಿ ಗಿಲೀಸ್ ಅನ್ನೋ ಬಸುರಿ ಹೆಂಗಸು 1930ರ ಆರಂಭದಲ್ಲಿ ಕಾಯಿಲೆ ಬಿದ್ದಳು, ಹಡಗು ಸಿಕ್ಕಿ ಗ್ಲಾಸ್ಗೋ ಆಸ್ಪತ್ರೆ ಸೇರೋ ಹೊತ್ತಿಗೆ ತುಂಬ ದಿನ ಕಳೆದಿತ್ತು, ಅಲ್ಲಿ ತೀರಿಕೊಂಡಳು. ಅದೇ ವರ್ಷ ಆಗಸ್ಟ್ 29ಕ್ಕೆ ಉಳಿದ 36 ಜನ ಎಚ್‌ಎಂಎಸ್ ಹೇರ್‌ಬೆಲ್ ಹಡಗು ಹತ್ತಿದ್ರು. ಪ್ರತಿ ಮನೆಯಲ್ಲೂ ಒಂದು ಬೈಬಲ್ ತೆರೆದಿಟ್ಟು, ಒಂದು ಹಿಡಿ ಓಟ್ಸ್ ಇಟ್ಟು ಹೊರಟರು. ನಾಯಿಗಳನ್ನ ಕರೆದೊಯ್ಯೋಕೆ ಆಗಲಿಲ್ಲ, ಕೊರಳಿಗೆ ಕಲ್ಲು ಕಟ್ಟಿ ಕೊಲ್ಲಿಗೆ ಹಾಕಿದ್ರು. ಮರವನ್ನೇ ಕಾಣದ ಗಂಡಸರಿಗೆ ಸರ್ಕಾರ ಅರಣ್ಯ ಇಲಾಖೆಯಲ್ಲಿ ಕೆಲಸ ಕೊಟ್ಟಿತು. ಒಬ್ಬ ವೈದ್ಯೆಯಾಗಿ ಕೇಳ್ತೀನಿ: ಚಳಿಗಾಲಕ್ಕೂ ತಪ್ಪದೆ ಬರೋ ಒಂದು ಹಡಗು ಇದ್ದಿದ್ದರೆ ಆ ಅರ್ಜಿ ಹುಟ್ಟುತ್ತಿತ್ತಾ?

ಹುಡುಗ: ಬರೀ 36 ಜನಕ್ಕೆ ಹಡಗು ಕಳಿಸೋ ಖರ್ಚು ಸರ್ಕಾರಕ್ಕೆ ಹೊರೆ ಅಂತಾರೆ.

ಚಿಕ್ಕಮ್ಮ: ಕ್ಷಿಪಣಿ ನೋಡೋಕೆ 1957ರಿಂದ ಹಡಗು, ಹೆಲಿಕಾಪ್ಟರ್ ಬರ್ತಿವೆ. ದೂರ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

(ಸಂಜೆ. ಮರಳುವ ದೋಣಿ ಬೋರೆರೇ ಸುತ್ತಿ ಸ್ಟಾಕ್ ಅನ್ ಆರ್ಮಿನ್ ಬಂಡೆಯ ಬುಡದಲ್ಲಿ ನಿಧಾನಿಸಿದೆ. ಗ್ಯಾನೆಟ್‌ಗಳ ಗದ್ದಲ.)

ಹುಡುಗ: ಇದಕ್ಕೂ ಕಥೆ ಇರಬೇಕು.

ಚಿಕ್ಕಮ್ಮ: 196 ಮೀಟರ್, ಬ್ರಿಟನ್ನಿನ ಅತಿ ಎತ್ತರದ ಒಂಟಿ ಕಡಲಬಂಡೆ. 1840ರ ಸುಮಾರಿಗೆ ಬ್ರಿಟನ್ನಿನ ಕೊನೆಯ ಗ್ರೇಟ್ ಆಕ್ ಹಕ್ಕಿ ಸತ್ತದ್ದು ಇಲ್ಲೇ. ಬಿರುಗಾಳಿ ಎಬ್ಬಿಸಿದ ಮಾಟಗಾತಿ ಅಂತ ತಿಳಿದು ಕೊಂದರು. ಅದನ್ನೂ ಮುಚ್ಚಿಡಬಾರದು. ಆದರೆ ನನ್ನ ಮನಸ್ಸು ಹೋಗೋದು 1727ಕ್ಕೆ. ಆಗಸ್ಟ್‌ನಲ್ಲಿ ಮೂರು ಜನ ಗಂಡಸರು, ಎಂಟು ಜನ ಹುಡುಗರು ಹಕ್ಕಿ ಹಿಡಿಯೋಕೆ ಈ ಬಂಡೆ ಹತ್ತಿದ್ರು. ಕೆಲವು ದಿನ ಬಿಟ್ಟು ದೋಣಿ ಬಂದು ಕರೆದೊಯ್ಯಬೇಕಿತ್ತು. ಅಷ್ಟರಲ್ಲಿ ಊರಿಗೆ ಸಿಡುಬು ಬಂತು. ದೋಣಿ ನಡೆಸೋ ಕೈಗಳೇ ಉಳೀಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಪಾರುಪತ್ಯಗಾರನ ದೋಣಿ ಬರೋವರೆಗೆ ಆ ಹನ್ನೊಂದು ಜನ ಇಡೀ ಚಳಿಗಾಲ ಇಲ್ಲೇ ಕಳೆದರು. ಎಲ್ಲರೂ ಬದುಕಿದ್ರು. ಹಿಂದಿರುಗಿದಾಗ ಊರಿನ ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲ ಸತ್ತು ಹೋಗಿದ್ರು.

ಹುಡುಗ: ಇಲ್ಲಿ? ಈ ಬಂಡೆ ಮೇಲೆ ಒಂಬತ್ತು ತಿಂಗಳು?

ಚಿಕ್ಕಮ್ಮ: ಈ ಬಂಡೆ ಮೇಲೇ. ಅಲ್ಲಿ ಊರಿನವರು ಕಟ್ಟಿದ್ದ ಒಂದು ಕಲ್ಲಿನ ಗೂಡು ಇದೆ. ಪ್ರಕೃತಿ ಅವರಿಗೆ ಶತ್ರುವಾಗಿರಲಿಲ್ಲ ಅಂತ ಇಷ್ಟು ಹೊತ್ತು ನಾನು ಹೇಳಿದ್ದು ಇದಕ್ಕೇ. ಅವರನ್ನ ಕೊಂದದ್ದು ಹೊರಗಿನಿಂದ ಬಂದ ರೋಗ, ಹೊರಗಿನಿಂದ ಬಾರದ ವೈದ್ಯ. ಯುನೆಸ್ಕೊ ಕೂಡ 1986ರಲ್ಲಿ ಇದನ್ನ ಪ್ರಕೃತಿಯ ತಾಣ ಅಂತಷ್ಟೇ ಪಟ್ಟಿಗೆ ಸೇರಿಸಿತ್ತು. ಜನ ಬದುಕಿದ ಜಾಗ ಅಂತಲೂ ಒಪ್ಪಿಕೊಂಡದ್ದು 2005ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಹುಟ್ಟಿದವರು ಕೆಲವೇ ಜನ ಉಳಿದಿದ್ರು. ಎಂಟು ವರ್ಷದ ಹುಡುಗಿಯಾಗಿ ಆ ಹಡಗು ಹತ್ತಿದ್ದ ರೇಚಲ್ ಜಾನ್ಸನ್ 2016ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಯಾರೂ ಇಲ್ಲ.

ಹುಡುಗ: ನನ್ನ ಸ್ನೇಹಿತರು ಮುಂದಿನ ತಿಂಗಳು ಬರಬೇಕು ಅಂತಿದ್ದಾರೆ. ಏನು ಹೇಳಲಿ?

ಚಿಕ್ಕಮ್ಮ: ಬರಲಿ ಅಂತ ಹೇಳು. ಚೀಲ ಜಾಡಿಸಿಕೊಂಡು, ಬೂಟಿನ ತಳ ತೊಳೆದುಕೊಂಡು ಬರಲಿ. ಸಮುದ್ರ ಒಪ್ಪದ ದಿನ ದೋಣಿ ಹೊರಡಲ್ಲ, ಅದಕ್ಕೂ ಸಿದ್ಧವಾಗಿರಲಿ. ಕ್ಲೀಟ್ ಮೇಲೆ ಹತ್ತಬಾರದು, ಒಂದು ಕಲ್ಲೂ ಎತ್ತಿಕೊಂಡು ಹೋಗಬಾರದು. ಇಳಿದ ಕೂಡಲೇ ಬೆಟ್ಟಕ್ಕೆ ಓಡಬೇಡಿ ಅನ್ನು. ಆ ಮನೆಗಳಲ್ಲಿ ಕೊನೆಯದಾಗಿ ಇದ್ದವರ ಹೆಸರನ್ನ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ಮೊದಲು ಬೀದಿಯ ಉದ್ದಕ್ಕೂ ನಡೆದು ಆ ಹೆಸರುಗಳನ್ನ ಓದಿ, ಆಮೇಲೆ ಹಕ್ಕಿ ನೋಡಲಿ.